ನಾದ ಮೊದಲು, ಗಿಟಾರ್ ಆಮೇಲೆ

ಲೆಡ್ ಜೆಪ್ಪೆಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ ಹೊರಬಂದದ್ದು 1971ರಲ್ಲಿ. ಹಾಡಿನ ಕೊನೆಗೆ ಜಿಮ್ಮಿ ಪೇಜ್ ನುಡಿಸುವ ಗಿಟಾರ್ ಭಾಗ ರಾಕ್ ಸಂಗೀತ ಕೇಳುವವರಿಗೆಲ್ಲ ಬಾಯಿಪಾಠ. ಪೇಜ್ ಅಂದೊಡನೆ ಕಣ್ಣಿಗೆ ಕಟ್ಟುವುದು ಸೊಂಟಕ್ಕಿಂತ ಕೆಳಗೆ ತೂಗುವ ಗಿಬ್ಸನ್ ಲೆಸ್ ಪಾಲ್. ಅಂಥ ತುಂಬಿದ ನಾದ ಬೇಕೆಂದು ಎಷ್ಟೋ ಜನ ಸಾಲ ಮಾಡಿ ಲೆಸ್ ಪಾಲ್ ಕೊಂಡಿದ್ದಾರೆ. ಆದರೆ ಪೇಜ್ ಆ ಭಾಗ ನುಡಿಸಿದ್ದು ಗೆಳೆಯ ಜೆಫ್ ಬೆಕ್ ಕೊಟ್ಟಿದ್ದ ಫೆಂಡರ್ ಟೆಲಿಕಾಸ್ಟರಿನಲ್ಲಿ. ತಂಡದ ಮೊದಲ ಆಲ್ಬಮ್ಮಿನ ಬಹುಪಾಲು ಕೂಡ ಅದೇ ವಾದ್ಯದಿಂದ ಬಂದದ್ದು.

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಹೊರಟವರು ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲ. ನಿಮ್ಮ ಕಿವಿಯಲ್ಲಿ ಯಾವ ನಾದ ಕೂತಿದೆ, ಯಾವ ಹಾಡಿನ ಯಾವ ಕ್ಷಣದಲ್ಲಿ ಅದು ಕೇಳುತ್ತದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಆಮೇಲೆ ಇನ್ನೊಂದು ಪ್ರಶ್ನೆ: ಆ ನಾದಕ್ಕೆ ಕಾರಣವಾದ ಸಂಗತಿಗಳಲ್ಲಿ ಮುಂದೆಂದೂ ಬದಲಾಯಿಸಲಾಗದವು ಯಾವುವು? ದುಡ್ಡು ಹೋಗಬೇಕಾದದ್ದು ಅವುಗಳ ಮೇಲೆ. ಉಳಿದದ್ದನ್ನು ನಾಳೆ ನೋಡಿಕೊಳ್ಳಬಹುದು. ನನ್ನ ಮಾತೆಲ್ಲ ಇಷ್ಟೇ, ಆದರೆ ಇದಕ್ಕೆ ಕಾರಣ ತಿಳಿಯಲು ವಾದ್ಯದ ಒಳಗನ್ನು ನೋಡಬೇಕು.

1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂಪ್ ಎಂಬ ಸಂಗೀತಗಾರ ಅಡಾಲ್ಫ್ ರಿಕೆನ್‌ಬ್ಯಾಕರ್ ಜೊತೆಗೂಡಿ ಒಂದು ಗಿಟಾರ್ ಮಾಡಿದ. ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿ ಗಿಟಾರ್ ಅದು. ಗುಂಡನೆಯ ಒಡಲು, ಉದ್ದ ಹಿಡಿ ಇದ್ದುದರಿಂದ ಜನ ಅದನ್ನು ಬಾಣಲೆ ಎಂದೇ ಕರೆದರು. ಅದರ ತಂತಿಗಳನ್ನು ಕುದುರೆಲಾಳದ ಆಕಾರದ ಅಯಸ್ಕಾಂತಗಳು ಬಳಸಿದ್ದವು, ಕೆಳಗೆ ತಾಮ್ರದ ತಂತಿಯ ಸುರುಳಿ ಇತ್ತು. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇಂದಿನ ಪಿಕಪ್ ಕೂಡ ಇದೇ. ಅದು ಗಾಳಿಯಲ್ಲಿರುವ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲ. ತನ್ನ ನೇರ ಮೇಲಿರುವ ಒಂದಿಷ್ಟು ಉದ್ದದ ತಂತಿ ಹೇಗೆ ಅಲುಗುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು.

ಹಾಗಾಗಿ ಪಿಕಪ್ ಎಲ್ಲಿ ಕೂತಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ವಿಷಯ. ಹುಡುಗಿಯರು ಆಡುವ ಹಗ್ಗದಾಟವನ್ನು ನೆನೆಸಿಕೊಳ್ಳಿ: ಕೈಯ ಹತ್ತಿರ ಹಗ್ಗ ಅಷ್ಟಾಗಿ ಏಳುವುದಿಲ್ಲ, ನಡುವೆ ಆಳೆತ್ತರ ಏಳುತ್ತದೆ. ಗಿಟಾರಿನ ತಂತಿಯೂ ಬ್ರಿಜ್ ಹತ್ತಿರ, ಅಂದರೆ ವೀಣೆಯವರು ಕುದುರೆ ಎನ್ನುವ ಜಾಗದ ಬಳಿ, ಕೊಂಚವೇ ಅಲುಗುತ್ತದೆ. ಅಲ್ಲಿ ಮೂಲಸ್ವರದ ಬಲ ಕಡಿಮೆ, ಅದರ ಜೊತೆ ಹುಟ್ಟುವ ಮೇಲಿನ ಅನುಸ್ವರಗಳ ಪಾಲು ಹೆಚ್ಚು. ಆದ್ದರಿಂದ ಬ್ರಿಜ್ ಪಿಕಪ್ಪಿನ ನಾದ ಚೂಪು, ಲೋಹದ ಹೊಳಪಿನದು. ನೆಕ್ ಕಡೆಯ ಪಿಕಪ್ಪಿನಲ್ಲಿ ಮೂಲಸ್ವರ ಮೈದುಂಬಿ ಬರುತ್ತದೆ, ನಾದ ದುಂಡಗಾಗುತ್ತದೆ. ಜಾಝ್ ವಾದಕರು ಬಹುತೇಕ ನೆಕ್ ಪಿಕಪ್ಪಿನಲ್ಲೇ ನುಡಿಸುವುದು ಇದಕ್ಕೇ. ಪಿಕಪ್ ಹಳೆಯದಾದರೆ ಬೇರೆ ಹಾಕಿಸಬಹುದು, ಅದು ಕೂತಿರುವ ಗುಂಡಿಯನ್ನು ಮಾತ್ರ ಆಚೀಚೆ ಸರಿಸಲಾಗುವುದಿಲ್ಲ.

ಇದರಿಂದ ಹೊರಡುವ ಒಂದು ಸೂಕ್ಷ್ಮವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೆಚ್ಚು ಫ್ರೆಟ್ ಇದ್ದಷ್ಟೂ ಒಳ್ಳೆಯದೆಂದು ಹೊಸಬರು 24 ಫ್ರೆಟ್ಟಿನ ಗಿಟಾರ್ ಕೇಳುತ್ತಾರೆ. ಆ ಎರಡು ಮೂರು ಫ್ರೆಟ್ಟುಗಳಿಗೆ ಜಾಗ ಬೇಕಲ್ಲ, ಆಗ ನೆಕ್ ಪಿಕಪ್ ಬ್ರಿಜ್ಜಿನ ಕಡೆಗೆ ಸರಿಯುತ್ತದೆ. ಕೊಳಲಿನಂತೆ ತೆರೆದ, ತುಂಬಿದ ಆ ನಾದ ನಿಮಗೆ ಪ್ರಿಯವಾಗಿದ್ದರೆ 21 ಅಥವಾ 22 ಫ್ರೆಟ್ಟಿನ ವಾದ್ಯವೇ ಮೇಲು.

ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ಮಾತನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ. 1954ರಲ್ಲಿ ಆತನ ಕಂಪನಿ ಸ್ಟ್ರಾಟೋಕ್ಯಾಸ್ಟರನ್ನು ತಂದಾಗ ಅದರಲ್ಲಿ ಮೂರು ಪಿಕಪ್ಪುಗಳಿದ್ದವು, ಅವುಗಳಲ್ಲಿ ಒಂದನ್ನು ಆರಿಸಲು ಮೂರು ನಿಲುಗಡೆಯ ಸ್ವಿಚ್ಚು ಇತ್ತು. ವಾದಕರು ಆ ಸ್ವಿಚ್ಚನ್ನು ಎರಡು ನಿಲುಗಡೆಗಳ ನಡುವೆ ಸಿಕ್ಕಿಸಿ ನಿಲ್ಲಿಸತೊಡಗಿದರು. ಆಗ ಅಕ್ಕಪಕ್ಕದ ಎರಡು ಪಿಕಪ್ಪು ಒಟ್ಟಿಗೆ ನುಡಿದು, ಕೆಲವು ಅನುಸ್ವರಗಳು ಪರಸ್ಪರ ಅಳಿಸಿಕೊಂಡು, ಒಳಗೆ ಟೊಳ್ಳಾದ, ಸ್ವಲ್ಪ ಮೂಗಿನಿಂದ ಬಂದಂಥ, ಅತಿ ಸ್ವಚ್ಛವಾದ ನಾದವೊಂದು ಹೊರಟಿತು. ಕಂಪನಿ ಐದು ನಿಲುಗಡೆಯ ಸ್ವಿಚ್ಚನ್ನು ಕೊಟ್ಟದ್ದು 1977ರಲ್ಲಿ. ಮರುವರ್ಷ ಡೈರ್ ಸ್ಟ್ರೇಟ್ಸ್ ತಂಡದ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಬಂತು. ಅದರಲ್ಲಿ ಮಾರ್ಕ್ ನಾಫ್ಲರ್ ತನ್ನ ಕೆಂಪು ಸ್ಟ್ರಾಟಿನಿಂದ ತೆಗೆದ ನಾದ ಇದೇ. 2005ರಲ್ಲಿ ನಾಫ್ಲರ್ ಬೆಂಗಳೂರಿಗೆ ಬಂದು ನುಡಿಸಿದ್ದನ್ನು ಈಗಲೂ ನೆನೆಯುವವರಿದ್ದಾರೆ. ಅವರಿಗೆ ಬೇಕಾದದ್ದು ಆ ನಾದವಾದರೆ ದಾರಿ ನೇರ: ಮೂರು ಒಂಟಿ ಸುರುಳಿಯ ಪಿಕಪ್ಪುಗಳಿರುವ ಗಿಟಾರೇ ಆಗಬೇಕು. ಜೊತೆಗೆ ಪಿಕ್ ಕೆಳಗಿಟ್ಟು ಬೆರಳಿನಿಂದ ಮೀಟುವುದನ್ನೂ ಕಲಿಯಬೇಕು, ಏಕೆಂದರೆ ಆ ನಾದದ ಅರ್ಧಪಾಲು ನಾಫ್ಲರನ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳದು.

ಒಂಟಿ ಸುರುಳಿಗೆ ಒಂದು ಕಾಯಿಲೆ ಇದೆ. ಗೋಡೆಯೊಳಗಿನ ಕರೆಂಟು, ಟ್ರಾನ್ಸ್‌ಫಾರ್ಮರ್, ಡಿಮ್ಮರ್ ದೀಪ, ಇನ್ವರ್ಟರ್ ಎಲ್ಲದರ ಗುಂಯ್‌ಗುಡುವಿಕೆಯನ್ನೂ ಅದು ಹೀರಿಕೊಳ್ಳುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದ. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಅಯಸ್ಕಾಂತದ ಧ್ರುವವನ್ನೂ ಸುರುಳಿಯ ದಿಕ್ಕನ್ನೂ ಒಂದಕ್ಕೊಂದು ತಿರುಗುಮುರುಗಾಗಿಸಿದರೆ ಹೊರಗಿನ ಗುಂಯ್ ಅಳಿಸಿಹೋಗುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ಇದೇ ಹಂಬಕರ್. 1957ರಿಂದ ಅದು ಲೆಸ್ ಪಾಲ್ ಗಿಟಾರುಗಳಲ್ಲಿ ಬಂತು.

ಗುಂಯ್ ಹೋಗುವುದರ ಜೊತೆಗೆ ನಾದವೂ ಬದಲಾಯಿತು. ಎರಡು ಸುರುಳಿಗಳು ತಂತಿಯ ಎರಡು ಜಾಗವನ್ನು ಒಟ್ಟಿಗೆ ಓದುವುದರಿಂದ ಅತಿ ಮೇಲಿನ ಅನುಸ್ವರಗಳು ಕುಗ್ಗುತ್ತವೆ. ತಾಮ್ರ ಹೆಚ್ಚಾದ್ದರಿಂದ ಪಿಕಪ್ಪಿನ ಸಹಜ ಹೊಳಪಿನ ಶಿಖರವೂ ಕೆಳಗಿಳಿಯುತ್ತದೆ. ಗಾಜಿನಂಥ ಅಂಚು ಹೋಗಿ ದಪ್ಪ, ಬೆಚ್ಚನೆಯ ಒಡಲು ಬರುತ್ತದೆ. ಸಂಕೇತದ ಬಲ ಜಾಸ್ತಿಯಿರುವುದರಿಂದ ವಾಲ್ವ್ ಆಂಪ್ಲಿಫೈಯರ್ ಬೇಗ ತನ್ನ ಮಿತಿ ಮೀರಿ ಒರಟಾಗುತ್ತದೆ. 1966ರಲ್ಲಿ ಜಾನ್ ಮೇಯಾಲ್ ತಂಡದ ಆಲ್ಬಮ್ಮಿಗಾಗಿ ಎರಿಕ್ ಕ್ಲಾಪ್ಟನ್ ಲೆಸ್ ಪಾಲನ್ನು ಮಾರ್ಷಲ್ ಆಂಪಿಗೆ ಸಿಕ್ಕಿಸಿ, ಸದ್ದನ್ನು ಜೋರು ಮಾಡಿ ನುಡಿಸಿದ. ಬ್ರಿಟಿಷ್ ಬ್ಲೂಸ್-ರಾಕಿನ ಗಿಟಾರ್ ನಾದಕ್ಕೆ ಅಚ್ಚು ಬಿದ್ದದ್ದು ಅಲ್ಲಿ. ಫೆಂಡರಿನ ಒಂಟಿ ಸುರುಳಿಗೂ ಹಂಬಕರಿಗೂ ನಡುವೆ ನಿಲ್ಲುವ ಪಿ-90 ಎಂಬ ಪಿಕಪ್ಪಿದೆ, 1946ರಿಂದಲೂ ಇರುವಂಥದ್ದು: ಒಂಟಿ ಸುರುಳಿಯೇ, ಆದರೆ ಅಗಲ, ಗೊರಗೊರ ದನಿ. ಬ್ಲೂಸ್ ಬಯಸುವವರು ಅದನ್ನು ಕೇಳದೆ ನಿರ್ಧಾರ ಮಾಡಬಾರದು.

ಬದಲಾಯಿಸಲಾಗದ ಇನ್ನೊಂದು ಸಂಗತಿ ತಂತಿಯ ಉದ್ದ. ತಲೆಯ ಕಡೆ ತಂತಿ ಕೂರುವ ನಟ್ಟಿನಿಂದ ಬ್ರಿಜ್ಜಿನವರೆಗೆ ಫೆಂಡರ್ ಗಿಟಾರುಗಳಲ್ಲಿ 25.5 ಇಂಚು, ಲೆಸ್ ಪಾಲಿನಲ್ಲಿ 24.75 ಇಂಚು. ಮುಕ್ಕಾಲು ಇಂಚು ಏನು ಮಹಾ ಅನ್ನಿಸಬಹುದು. ಆದರೆ ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೆ ಗಿಡ್ಡ ಗಿಟಾರಿನಲ್ಲಿ ಬಿಗಿತ ಸುಮಾರು ಶೇ 6ರಷ್ಟು ಕಡಿಮೆ. ತಂತಿ ಎಳೆಯುವ ಬೆರಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಉದ್ದ ತಂತಿಯಲ್ಲಿ ಕೆಳಗಿನ ಸ್ವರಗಳು ಬಿಡಿಬಿಡಿಯಾಗಿ, ಗಂಟೆಯಂತೆ ಕೇಳುತ್ತವೆ.

ಬ್ಲ್ಯಾಕ್ ಸಬಾತ್ ತಂಡದ ಟೋನಿ ಅಯೋಮಿಯ ಕತೆ ಇಲ್ಲಿ ಹೇಳಲೇಬೇಕು. ಬರ್ಮಿಂಗ್‌ಹ್ಯಾಮಿನ ಲೋಹದ ತಗಡಿನ ಕಾರ್ಖಾನೆಯಲ್ಲಿ 17ನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಆತನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈ ವಾದಕನಾದ್ದರಿಂದ ಅವು ಸ್ವರ ಒತ್ತುವ ಕೈಯ ಬೆರಳುಗಳೇ ಆಗಿದ್ದವು. ಬೆರಳಿಗೆ ತಾನೇ ಟೋಪಿ ಮಾಡಿಕೊಂಡ, ಬ್ಯಾಂಜೋದ ತೆಳು ತಂತಿ ಹಾಕಿಕೊಂಡ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಬಿಗಿತ ತಗ್ಗಿಸಲು ಶ್ರುತಿಯನ್ನು ಮೂರು ಅರ್ಧಸ್ವರ ಕೆಳಕ್ಕೆ ಇಳಿಸಿದ. ಗಾಯಗೊಂಡ ಬೆರಳಿಗೆ ಬೇಕಾದ ಸಡಿಲಿಕೆಯಿಂದ ಹೆವಿ ಮೆಟಲ್ ಸಂಗೀತದ ಕತ್ತಲು ಕವಿದ ನಾದ ಹುಟ್ಟಿತು. ಇಂದು ಬೆಂಗಳೂರಿನ ಮೆಟಲ್ ತಂಡಗಳ ಹುಡುಗರು ಶ್ರುತಿಯನ್ನು ಇನ್ನೂ ಕೆಳಕ್ಕಿಳಿಸುತ್ತಾರೆ. ಬೆರಳು ಗಟ್ಟಿಯಿರುವ ಅವರಿಗೆ ಗಿಡ್ಡ ಗಿಟಾರಿನಲ್ಲಿ ತಂತಿ ಜೋತುಬಿದ್ದು ಸ್ವರ ಮಸುಕಾಗುತ್ತದೆ, ಉದ್ದದ್ದೇ ಬೇಕು.

ನಮ್ಮಲ್ಲಿ ಇನ್ನೊಂದು ಬಗೆಯವರಿದ್ದಾರೆ, ನನಗೆ ಹೆಚ್ಚು ಕಾಳಜಿ ಅವರ ಮೇಲೆಯೇ. ಕರ್ನಾಟಕ ಸಂಗೀತ ಕಲಿತು, ಅದನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಬೇಕೆನ್ನುವವರು. ಪ್ರಸನ್ನ ಅವರಂಥ ವಾದಕರು ಆ ದಾರಿ ಸವೆಸಿದ್ದಾರೆ. ಆದರೂ ಅಂಗಡಿಯಲ್ಲಿ ಇವರ ಪ್ರಶ್ನೆಗೆ ಉತ್ತರ ಹೇಳುವವರು ಅಪರೂಪ. ಇವರು ನೋಡಬೇಕಾದದ್ದು ಮ್ಯಾಂಡೊಲಿನ್ ಯು. ಶ್ರೀನಿವಾಸ್ ಮಾಡಿದ್ದನ್ನು. ಎರಡೆರಡಾಗಿ ಜೋಡಿಸಿದ ಎಂಟು ತಂತಿಗಳ ಮ್ಯಾಂಡೊಲಿನ್ನಿನಲ್ಲಿ ಗಮಕ ಎಳೆಯುವುದು ಕಷ್ಟ, ಸ್ವರ ಬೇಗ ಸತ್ತುಹೋಗುತ್ತದೆ. ಅವರು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯಕ್ಕೆ ಬಂದರು, ಐದು ತಂತಿಗಳಲ್ಲಿ ತೋಡಿ, ಕಲ್ಯಾಣಿಗಳನ್ನು ಹಾಡಿಸಿದರು. ಕಿವಿಯಲ್ಲಿದ್ದ ರಾಗಕ್ಕೆ ತಕ್ಕಂತೆ ವಾದ್ಯ ಬದಲಾಯಿತೇ ಹೊರತು ವಾದ್ಯಕ್ಕೆ ತಕ್ಕಂತೆ ರಾಗವಲ್ಲ. ಜಾನ್ ಮೆಕ್‌ಲಾಫ್ಲಿನ್ ಶಕ್ತಿ ತಂಡದಲ್ಲಿ ನುಡಿಸಿದ ಗಿಟಾರಿನ ಫ್ರೆಟ್ಟುಗಳ ನಡುವಿನ ಮರವನ್ನು ಬಟ್ಟಲಿನಂತೆ ತೋಡಿಸಿದ್ದೂ ಇದೇ ಕಾರಣಕ್ಕೆ. ಬೆರಳು ಮರಕ್ಕೆ ತಾಗದೆ, ವೀಣೆಯಲ್ಲಿ ಆಗುವಂತೆ ತಂತಿ ಸಲೀಸಾಗಿ ಜರುಗುತ್ತದೆ.

ಗಮಕಕ್ಕೆಂದು ಗಿಟಾರ್ ಆರಿಸುವವರಿಗೆ ನಾನು ಹೇಳುವುದು: ಗಿಡ್ಡ ಅಳತೆ, ಎತ್ತರದ ಫ್ರೆಟ್, 0.009 ಇಂಚಿನಿಂದ ಶುರುವಾಗುವ ತೆಳು ತಂತಿ, ನೆಕ್ ಹಂಬಕರ್. 0.010ಕ್ಕೆ ಹೋದರೂ ಮೊದಲ ತಂತಿಯ ಬಿಗಿತ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ, ಕಂಪಿತ ಹಿಡಿಯುವ ಬೆರಳಿಗೆ ಅದು ಹೊರೆ. ಟೋನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದರೆ ಮೀಟಿನ ಟಕ್ ಎನ್ನುವ ಸದ್ದು ಅಡಗಿ ಸ್ವರ ಕಂಠಕ್ಕೆ ಹತ್ತಿರವಾಗುತ್ತದೆ.

ಇನ್ನು ಮರ. ಲೆಸ್ ಪಾಲಿನ ಮಹಾಗನಿ, ಸ್ಟ್ರಾಟಿನ ಆಲ್ಡರ್ ಎಂದು ಅಂಗಡಿಯವರು ಗಂಟೆಗಟ್ಟಲೆ ಮಾತಾಡುತ್ತಾರೆ. ಅಮೆರಿಕದ ಗಿಟಾರ್ ವಾದಕನೊಬ್ಬ ಕೆಲವು ವರ್ಷದ ಹಿಂದೆ ಒಡಲೂ ಇಲ್ಲದೆ, ನೆಕ್ಕೂ ಇಲ್ಲದೆ, ಬರೀ ಗಾಳಿಯಲ್ಲಿ ಬಿಗಿದ ತಂತಿಗಳ ಕೆಳಗೆ ಟೆಲಿಕಾಸ್ಟರಿನ ಅಳತೆಯಲ್ಲೇ ಪಿಕಪ್ ಇಟ್ಟು ನುಡಿಸಿ ತೋರಿಸಿದ. ಅದರ ದನಿ ಅವನ ಒಳ್ಳೆಯ ಟೆಲಿಕಾಸ್ಟರಿಗೆ ಬಲು ಹತ್ತಿರವಿತ್ತು. ಮರ ತೂಕವನ್ನು ನಿರ್ಧರಿಸುತ್ತದೆ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಕೊಂಚ ತಿದ್ದಬಹುದು. ಗಟ್ಟಿ ಒಡಲಿನ ಗಿಟಾರಿನಲ್ಲಿ ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ಒಡಲೊಳಗೆ ಪೊಳ್ಳಿರುವ ಇಎಸ್-335 ಬಗೆಯ ಗಿಟಾರುಗಳ ವಿಷಯ ಬೇರೆ, ಅಲ್ಲಿ ಕಟ್ಟುವ ರೀತಿಯೇ ಬೇರೆ.

ಮರದ ಮಾತು ಬಂದಾಗ ಹೇಳಬೇಕಾದ ಇನ್ನೊಂದಿದೆ. ಜಗತ್ತಿನ ಅಸಂಖ್ಯ ಗಿಟಾರುಗಳ ಫ್ರೆಟ್‌ಬೋರ್ಡ್ ನಮ್ಮ ಬೀಟೆ ಮರದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಚಿರಪರಿಚಿತವಾದ ಮರ. ಬ್ರೆಜಿಲಿನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ತಡೆ ಬಿತ್ತು. 2017ರಲ್ಲಿ ಆ ಕುಲದ ಎಲ್ಲ ಮರಗಳ ಸಾಗಣೆಗೂ ಪರವಾನಗಿ ಬೇಕಾಯಿತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವೆ ಕಂಪನಿಗಳು ಬೇರೆ ಮರ ಹಾಕಿ ಗಿಟಾರ್ ಮಾಡಿದವು. ಅವುಗಳ ದನಿಯೇನೂ ಕೆಡಲಿಲ್ಲ. ಬೀಟೆ ಇಲ್ಲವೆಂದು ಒಳ್ಳೆಯ ಗಿಟಾರನ್ನು ಬಿಡುವುದು ಕಾಡಿಗೂ ಒಳ್ಳೆಯದಲ್ಲ, ಕೊಳ್ಳುವವರಿಗೂ ಅಲ್ಲ.

ನಾದದ ದೊಡ್ಡ ಪಾಲು ಗಿಟಾರಿನ ಆಚೆಗಿದೆ. ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಬೇಗ ಕತ್ತರಿಸುತ್ತದೆ. ಅದಿಲ್ಲದೆ ಡಿಸ್ಟಾರ್ಷನ್ನನ್ನು ನೇರ ಇಯರ್‌ಫೋನಿಗೆ ಕೊಟ್ಟರೆ ಎಂಥ ಗಿಟಾರೂ ಜೇನುಹುಳದ ಗೂಡಿನಂತೆ ಕೇಳುತ್ತದೆ. ಟೆಲಿಕಾಸ್ಟರಿನ ಪೇಜ್ ಲೆಸ್ ಪಾಲಿನಂತೆ ಕೇಳಿಸಿದ್ದು ಆಂಪ್, ಧ್ವನಿಮುದ್ರಣ ಮತ್ತು ಕೈಗಳ ಬಲದಿಂದ. ಮೂವತ್ತು ಸಾವಿರ ರೂಪಾಯಿ ಕೈಯಲ್ಲಿದ್ದರೆ ಎಲ್ಲವನ್ನೂ ಗಿಟಾರಿಗೇ ಸುರಿಯದೆ ಹತ್ತು ಹನ್ನೆರಡು ಸಾವಿರವನ್ನು ಆಂಪಿಗೆಂದು ತೆಗೆದಿಡಿ. ಅಂಗಡಿಯಲ್ಲೂ ಮನೆಯಲ್ಲಿ ಬಳಸುವಂಥ ಆಂಪಿಗೇ ಸಿಕ್ಕಿಸಿ, ಎಲ್ಲ ಎಫೆಕ್ಟ್ ಆರಿಸಿ, ಕ್ಲೀನ್ ದನಿಯಲ್ಲಿ, ಕಣ್ಣು ಮುಚ್ಚಿ, ನಿಮಗೆ ಗೊತ್ತಿರುವ ಒಂದೇ ಹಾಡನ್ನು ಪ್ರತಿ ಗಿಟಾರಿನಲ್ಲೂ ನುಡಿಸಿ ನೋಡಿ. ನುಡಿಸಲು ಬಾರದಿದ್ದರೆ ನುಡಿಸುವ ಗೆಳೆಯರನ್ನು ಕರೆದೊಯ್ದು, ಅವರಿಗೆ ಬೆನ್ನು ಮಾಡಿ ಕೂತು ಕೇಳಿ.

ಹಳೆಯ ಗಿಟಾರ್ ಕೊಳ್ಳುವವರಿಗೂ ಲೆಕ್ಕ ಇದೇ. ಪಿಕಪ್ ಸತ್ತಿದ್ದರೆ, ಬಿರಡೆ ಸಡಿಲವಾಗಿದ್ದರೆ, ವಾಲ್ಯೂಮ್ ಗುಂಡಿ ಕರಕರ ಅನ್ನುತ್ತಿದ್ದರೆ ಬೆಲೆ ಇಳಿಸಿ ಧೈರ್ಯವಾಗಿ ತೆಗೆದುಕೊಳ್ಳಿ. ಅವೆಲ್ಲ ಬದಲಾಗುವಂಥವು. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ನೆಕ್ ಕೊಂಚ ಬಾಗುವುದು ಸಹಜ, ಒಳಗಿನ ಟ್ರಸ್ ರಾಡ್ ತಿರುಗಿಸಿದರೆ ಸರಿಹೋಗುತ್ತದೆ. ಆದರೆ ತಲೆಯ ಕಡೆಯಿಂದ ನೆಕ್ಕಿನುದ್ದಕ್ಕೂ ಕಣ್ಣು ಹಾಯಿಸಿದಾಗ ಒಂದು ಅಂಚು ಮೇಲೆದ್ದು ಇನ್ನೊಂದು ಕೆಳಗಿಳಿದು, ನೆಕ್ ತಿರುಚಿಕೊಂಡಂತೆ ಕಂಡರೆ, ಅದರ ಮೇಲೆ ಯಾವ ಕಂಪನಿಯ ಹೆಸರಿದ್ದರೂ ವಾಪಸ್ ಕೊಟ್ಟು ಬನ್ನಿ.