ಸೆಲ್ಫ್ ತಿರುಗುತ್ತದೆ, ಎಂಜಿನ್ ತಿರುಗುವುದಿಲ್ಲ

ಕಾಸರಗೋಡು ಕಡೆಯಿಂದ ತಾಯಿಯೊಬ್ಬರು ಬರೆದಿದ್ದಾರೆ: "ಮಗ ಕೊಲ್ಲಿಯಲ್ಲಿದ್ದಾನೆ, ಅವನ ಕಾರು ನಮ್ಮ ಅಂಗಳದಲ್ಲಿದೆ. ಭಾನುವಾರದ ಪೂಜೆಗೆ, ತಿಂಗಳಿಗೊಮ್ಮೆ ಇವರನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿಕೊಂಡು ಬರಲು ಸೊಸೆ ಓಡಿಸುತ್ತಾಳೆ. ಈಚೆಗೆ ಕೀಲಿ ತಿರುಗಿಸಿದರೆ 'ಗುಂಯ್' ಎಂದು ಸದ್ದು ಬರುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ನಾಲ್ಕೈದು ಸಲ ಮಾಡಿದರೆ ಒಮ್ಮೆ ಹಿಡಿಯುತ್ತದೆ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಎಂದು ಹೇಳಿದ್ದಾರೆ. ಹಾಕಿಸಬೇಕೇ?"

ಈಗಲೇ ಬೇಡ ಅಮ್ಮ. ನೀವು ಬರೆದ ಸದ್ದು ಅದೇ ಆಗಿದ್ದರೆ, ಹೊಸ ಬ್ಯಾಟರಿ ಹಾಕಿದರೂ ಅದೇ 'ಗುಂಯ್' ಇನ್ನೂ ಸ್ವಲ್ಪ ಜೋರಾಗಿ ಬರುತ್ತದೆ, ಅಷ್ಟೆ. ಯಾಕೆಂದು ತಿಳಿಯಲು ಸೆಲ್ಫ್ ಒಳಗೆ ಏನಾಗುತ್ತದೆ ಎಂದು ನೋಡಬೇಕು.

ನಾವು ಸೆಲ್ಫ್ ಎನ್ನುವುದು ಸ್ಟಾರ್ಟರ್ ಮೋಟರನ್ನು. ಅದಿಲ್ಲದ ಕಾಲದಲ್ಲಿ ಕಾರಿನ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರು ಎಷ್ಟೋ ಮಂದಿ. ನಮ್ಮ ಅಂಬಾಸಿಡರ್ ಕಾರಿಗೂ ಹ್ಯಾಂಡಲ್ ಇದ್ದುದು ಹಿರಿಯರಿಗೆ ನೆನಪಿರಬಹುದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೆ ಮೊದಲು ಆತ ಅಂಗಡಿಗಳ ಹಣದ ಯಂತ್ರಕ್ಕೆ ಮೋಟರ್ ಮಾಡಿದ್ದ. ಮೋಟರ್ ಇಡೀ ದಿನ ತಿರುಗಬೇಕಾಗಿಲ್ಲ, ಒಂದು ಕ್ಷಣ ಜೋರಾಗಿ ಎಳೆದರೆ ಸಾಕು ಎಂಬ ಅದೇ ಉಪಾಯ ಕಾರಿಗೂ ಆಯಿತು. ಇಂದಿಗೂ ಸೆಲ್ಫ್ ಅಂಥ ಮೋಟರೇ. ಆದ್ದರಿಂದ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಕೀಲಿ ಒತ್ತಿ ಹಿಡಿಯಬೇಡಿ. ಹಿಡಿಯದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ನೋಡಿ. ಬಿಡದೆ ಒತ್ತಿದರೆ ಕಾಯಿಲ್ ಸುಡುತ್ತದೆ.

ಕೀಲಿ ತಿರುಗಿಸಿದಾಗ ಮೊದಲು ಒಂದು ಸಣ್ಣ ವಯರಿನಲ್ಲಿ ಕರೆಂಟು ಸೆಲ್ಫಿನ ಮೇಲೆ ಕುಳಿತಿರುವ ಸೊಲೆನಾಯ್ಡಿಗೆ ಹೋಗುತ್ತದೆ. ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ. ಒಳಗಿನ ಕಬ್ಬಿಣದ ದಿಂಡನ್ನು ಎಳೆದು, ಒಂದು ಕವೆಯ ಮೂಲಕ ಸಣ್ಣ ಹಲ್ಲಿನ ಚಕ್ರವನ್ನು ಮುಂದಕ್ಕೆ ತಳ್ಳಿ ಎಂಜಿನಿನ ಫ್ಲೈವೀಲ್ ಸುತ್ತ ಇರುವ ದೊಡ್ಡ ರಿಂಗ್ ಗೇರಿಗೆ ಹಲ್ಲು ಕೂಡಿಸುತ್ತದೆ. ದಿಂಡು ಕೊನೆ ಮುಟ್ಟಿದಾಗ ತಾಮ್ರದ ದಪ್ಪ ಕಾಂಟ್ಯಾಕ್ಟುಗಳನ್ನು ಕೂಡಿಸುತ್ತದೆ. ಆಗಲೇ ಬ್ಯಾಟರಿಯ ದಪ್ಪ ಕೇಬಲಿನ ಕರೆಂಟು, ಪೆಟ್ರೋಲ್ ಕಾರಿನಲ್ಲೂ ನೂರು ಆಂಪಿಯರಿಗಿಂತ ಹೆಚ್ಚು, ಮೋಟರಿಗೆ ನುಗ್ಗುವುದು. ಮೊದಲು ಹಲ್ಲು, ಆಮೇಲೆ ತಿರುಗಾಟ.

ಈಗ ನಿಮ್ಮ ಕಾರಿಗೆ ಬರೋಣ. ಮೋಟರ್ ಗುಂಯ್ಗುಡುತ್ತಿದೆ ಎಂದರೆ ಕೀಲಿಯ ಸ್ವಿಚ್ಚು ಸರಿ, ಸಣ್ಣ ವಯರು ಸರಿ, ಸೊಲೆನಾಯ್ಡಿನ ಕಾಂಟ್ಯಾಕ್ಟು ಸರಿ, ಮೋಟರ್ ಸರಿ. ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿಯೂ ಸರಿ. ಕರೆಂಟು ತನ್ನ ಕೆಲಸ ಮುಗಿಸಿದೆ. ತಪ್ಪು ಅದರಿಂದಾಚೆ, ಹಲ್ಲಿನ ಕಡೆ ಇದೆ.

ಆ ಸಣ್ಣ ಹಲ್ಲಿನ ಚಕ್ರಕ್ಕೂ ಅದರ ಹಿಂದಿರುವ ಬಟ್ಟಲಿನಂಥ ಭಾಗಕ್ಕೂ ಸೇರಿಸಿ ಗ್ಯಾರೇಜಿನಲ್ಲಿ ಬೆಂಡಿಕ್ಸ್ ಎನ್ನುತ್ತಾರೆ. ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕನ್ನನ ಹೆಸರು ಅದು. ಆತ ಮಾಡಿದ ರೀತಿ ಬೇರೆ, ಇಂದಿನದು ಬೇರೆ, ಹೆಸರು ಮಾತ್ರ ಉಳಿದಿದೆ. ಆ ಬಟ್ಟಲಿನೊಳಗೆ ಉರುಳೆಗಳೂ ಸ್ಪ್ರಿಂಗುಗಳೂ ಇರುವ ಒಮ್ಮುಖದ ಕ್ಲಚ್ಚಿದೆ. ಅದು ಯಾಕೆ ಬೇಕು? ಸಣ್ಣ ಚಕ್ರ ಸುಮಾರು ಹತ್ತು ಸುತ್ತು ತಿರುಗಿದರೆ ಫ್ಲೈವೀಲ್ ಒಂದು ಸುತ್ತು ತಿರುಗುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಲೆಕ್ಕ ತಿರುಗುಮುರುಗು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಸಣ್ಣ ಚಕ್ರ 8,000 ಸುತ್ತು ತಿರುಗಬೇಕಾಗುತ್ತದೆ. ಆಗ ಮೋಟರ್ ಚೂರಾಗದಂತೆ ಆ ಕ್ಲಚ್ಚು ಚಕ್ರವನ್ನು ಸಡಿಲ ಬಿಡುತ್ತದೆ. ವರ್ಷಗಳು ಕಳೆದು ಉರುಳೆಗಳು ಸವೆದರೆ, ಅಥವಾ ಒಳಗಿನ ಗ್ರೀಸು ಗಟ್ಟಿಯಾದರೆ, ಹಿಡಿಯಬೇಕಾದ ಕಡೆಗೂ ಅದು ಜಾರುತ್ತದೆ. ಮೋಟರ್ ತಿರುಗುತ್ತದೆ, ಚಕ್ರ ನಿಂತಲ್ಲೇ ಇರುತ್ತದೆ. ಮಳೆಗಾಲದ ತಣ್ಣನೆಯ ಬೆಳಗಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ ಆಗುತ್ತಿದ್ದರೆ ಇದೇ ಎಂದು ಅನುಮಾನಿಸಬಹುದು. ಅಪರೂಪಕ್ಕೆ ಕವೆ ಮುರಿದು ಚಕ್ರ ಮುಂದಕ್ಕೆ ಹೋಗದೆಯೂ ಹೀಗಾಗುವುದುಂಟು.

ಇನ್ನೊಂದು ಸಾಧ್ಯತೆ ರಿಂಗ್ ಗೇರಿನ ಹಲ್ಲು. ಎಂಜಿನ್ ಆರಿಸಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೊಂದು ಸಿಲಿಂಡರಿನ ಗಾಳಿಯ ಒತ್ತಡ ತಡೆದಲ್ಲಿ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನ ಎಂಜಿನಿಗೆ ಫ್ಲೈವೀಲಿನ ಮೇಲೆ ಅಂಥ ಜಾಗ ಎರಡು, ಮೂರು ಸಿಲಿಂಡರಿನ ಎಂಜಿನಿಗೆ ಮೂರು. ಹೀಗಾಗಿ ಸೆಲ್ಫಿನ ಹೊಡೆತವೆಲ್ಲ ಆ ಎರಡು ಮೂರು ಜಾಗದ ಹಲ್ಲುಗಳಿಗೇ ಬೀಳುತ್ತದೆ. ಅಲ್ಲಿ ಹಲ್ಲು ಸವೆದಾಗ ಸಾಮಾನ್ಯವಾಗಿ 'ಕರ್ರ್' ಎಂದು ಉಜ್ಜುವ ಸದ್ದು ಇರುತ್ತದೆ, ಬರೀ ಗುಂಯ್ ಅಲ್ಲ.

ಎರಡರಲ್ಲಿ ಯಾವುದು ಎಂದು ಮನೆಯಲ್ಲೇ ನೋಡಬಹುದು. ಕಾರು ಸಮತಟ್ಟಾದ ಕಡೆ ಇರಲಿ. ಕೀಲಿ ಆಫ್ ಮಾಡಿ, ನಾಲ್ಕನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಕಾರನ್ನು ಒಂದು ಗೇಣು ಮುಂದಕ್ಕೆ ತಳ್ಳಿಸಿ. ಎಂಜಿನ್ ಸ್ವಲ್ಪ ತಿರುಗಿ ಬೇರೆ ಹಲ್ಲು ಸೆಲ್ಫಿನ ಎದುರಿಗೆ ಬರುತ್ತದೆ. ತಳ್ಳಿದವರು ದೂರ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ, ಕೀಲಿ ತಿರುಗಿಸಿ. ಪ್ರತಿ ಸಲವೂ ಹೀಗೆ ತಳ್ಳಿದ ಕೂಡಲೇ ಹಿಡಿದರೆ ರಿಂಗ್ ಗೇರಿನ ಮೇಲೆ ಸಂಶಯ. ತಳ್ಳಿದರೂ ಬಿಟ್ಟರೂ ಒಂದೇ, ಮನಸ್ಸಾದಾಗ ಹಿಡಿಯುತ್ತದೆ ಎಂದಾದರೆ ಬೆಂಡಿಕ್ಸ್. ನಿಮ್ಮ ಕಾರು ಅಲುಗದೆ ನಿಂತಲ್ಲೇ ನಾಲ್ಕೈದು ಸಲಕ್ಕೆ ಹಿಡಿಯುತ್ತದೆ ಎಂದು ಬರೆದಿದ್ದೀರಿ. ನಿಂತ ಎಂಜಿನಿನ ಎದುರಿಗೆ ಇರುವುದು ಪ್ರತಿ ಸಲವೂ ಅದೇ ಹಲ್ಲು. ಹಾಗಿರುವಾಗ ನನ್ನ ಅನುಮಾನ ಬೆಂಡಿಕ್ಸ್ ಮೇಲೆಯೇ.

ಆಟೋ ಎಲೆಕ್ಟ್ರಿಷಿಯನ್ ಬಳಿ ಸೆಲ್ಫ್ ಬಿಚ್ಚಿಸಿದಾಗ ಯಾರಾದರೂ ಪಕ್ಕದಲ್ಲಿ ನಿಂತು ನೋಡಿ. ಆ ಸಣ್ಣ ಚಕ್ರ ಕೈಯಲ್ಲಿ ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಹಿಡಿದುಕೊಳ್ಳಬೇಕು. ಎರಡೂ ಕಡೆ ತಿರುಗಿದರೆ ಬೆಂಡಿಕ್ಸ್ ಬದಲಿಸಿ ಎನ್ನಿ. ಇಡೀ ಸೆಲ್ಫ್ ಬದಲಿಸುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ. ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಮುಳುಗಿಸಿ ತೊಳೆದು ಮತ್ತೆ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಬೇಡವೆನ್ನಿ. ಒಳಗೆ ತುಂಬಿ ಮುಚ್ಚಿದ ಗ್ರೀಸು ಕರಗಿ ಹೋದರೆ ಉಳಿದ ಆಯಸ್ಸೂ ಹೋಗುತ್ತದೆ. ರಿಂಗ್ ಗೇರೇ ಹೋಗಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿ ಹೆಚ್ಚು. ಹೇಗೂ ಇಳಿಸುತ್ತಾರಲ್ಲ, ಕ್ಲಚ್ ಪ್ಲೇಟು ಸವೆದಿದ್ದರೆ ಆಗಲೇ ಹಾಕಿಸಿಬಿಡಿ. ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಉಳಿದವರ ಕಾರಿನ ಸದ್ದು ಬೇರೆ ಇರಬಹುದು. 'ಟಿಕ್ ಟಿಕ್ ಟಿಕ್' ಎಂದು ಬೇಗ ಬೇಗ ಬಡಿದುಕೊಂಡರೆ, ಅದು ನಿಜಕ್ಕೂ ಬ್ಯಾಟರಿಯ ಕಡೆಯ ಸದ್ದು. ಸೊಲೆನಾಯ್ಡ್ ಎಳೆಯುತ್ತದೆ, ಮೋಟರಿನ ಭಾರಕ್ಕೆ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಆದರೂ ಬ್ಯಾಟರಿ ಅಂಗಡಿಗೆ ಓಡುವ ಮೊದಲು ಟರ್ಮಿನಲ್ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಲ್ಲಿ ಬಿಳಿ, ಹಸಿರು ಪುಡಿ ಬೇಗ ಕಟ್ಟುತ್ತದೆ. ಕಪ್ಪು ಕೇಬಲನ್ನು, ಎಂದರೆ ನೆಗೆಟಿವನ್ನು ಮೊದಲು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಒರಸಿ, ಬಿಗಿ ಮಾಡಿ. ಜೋಡಿಸುವಾಗ ಕಪ್ಪು ಕೊನೆಗೆ. ಮೀಟರ್ ಇರುವವರು ಅಳೆಯಬಹುದು: ರಾತ್ರಿ ನಿಂತ ಕಾರಿನ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯದಿದ್ದರೆ ಎಂಜಿನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದಿರಬಹುದು. ಇದನ್ನು ಎಷ್ಟೋ ಮಂದಿ ನೋಡುವುದೇ ಇಲ್ಲ.

ಒಂದೇ ಸಲ 'ಟಕ್' ಎಂದು ಸುಮ್ಮನಾದರೆ ಕಾರನ್ನು ಗೋಡೆಯ ಎದುರಿಗಿಟ್ಟು ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ಗೋಡೆಯ ಮೇಲಿನ ಬೆಳಕು ಹಾಗೆಯೇ ಇದ್ದರೆ ಕರೆಂಟು ಮೋಟರಿಗೆ ಹೋಗುತ್ತಿಲ್ಲ: ಸೊಲೆನಾಯ್ಡ್ ಕಾಂಟ್ಯಾಕ್ಟು ಸುಟ್ಟಿದೆ ಅಥವಾ ಕಾರ್ಬನ್ ಸವೆದಿದೆ. ಬೆಳಕು ತೀರಾ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಸೆಲ್ಫೋ ಎಂಜಿನೋ ಜಾಮ್ ಆಗಿದೆ. ಕಾರ್ಬನ್ ಸವೆದ ಸೆಲ್ಫಿಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒಮ್ಮೆ ಎದ್ದು ಮನೆ ಮುಟ್ಟಿಸಬಹುದು. ಸುತ್ತಿಗೆ ಬೇಡ, ಇಂದಿನ ಎಷ್ಟೋ ಸೆಲ್ಫುಗಳ ಒಳಗೆ ಇರುವುದು ಆಯಸ್ಕಾಂತ, ಒಡೆಯುತ್ತದೆ.

ಸದ್ದೇ ಇಲ್ಲ, ಡ್ಯಾಶ್‌ಬೋರ್ಡಿನ ದೀಪ ಮಾತ್ರ ಚೆನ್ನಾಗಿ ಉರಿಯುತ್ತಿದೆ ಎಂದರೆ ಸಣ್ಣ ವಯರಿನ ದಾರಿ ನೋಡಬೇಕು. ಈಗಿನ ಹಲವು ಕಾರುಗಳು ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಆಟೋಮ್ಯಾಟಿಕ್ ಕಾರು ಪಾರ್ಕಿನಲ್ಲಿ ಏಳದಿದ್ದರೆ ಬ್ರೇಕ್ ಒತ್ತಿ ನ್ಯೂಟ್ರಲ್‌ನಲ್ಲಿ ನೋಡಿ, ಕೆಲವೊಮ್ಮೆ ಅಷ್ಟೇ ಸಾಕು. ಆಮೇಲೆ ಫ್ಯೂಸು, ರಿಲೇ, ಸೊಲೆನಾಯ್ಡಿನ ಸಣ್ಣ ವಯರಿನ ತುದಿ.

ಎರಡು ಎಚ್ಚರಿಕೆ ಹೇಳಲೇಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೊಲೆನಾಯ್ಡಿನ ಎರಡು ತುದಿ ಕೂಡಿಸಿ ಸ್ಟಾರ್ಟ್ ಮಾಡುವುದನ್ನು ಹುಡುಗರು ಗ್ಯಾರೇಜಿನಲ್ಲಿ ನೋಡಿರುತ್ತಾರೆ. ಕಾರು ಗೇರಿನಲ್ಲಿ ಇದ್ದುಬಿಟ್ಟರೆ ಎದುರಿಗೆ ಬಗ್ಗಿದವನ ಮೇಲೆಯೇ ನುಗ್ಗುತ್ತದೆ. ಮನೆಯಲ್ಲಿ ಯಾರೂ ಮಾಡಕೂಡದು. ಇನ್ನೊಂದು, ತಳ್ಳಿ ಸ್ಟಾರ್ಟ್ ಮಾಡುವುದು. ನಿಮ್ಮ ಕಾರಿನಂತೆ ಬ್ಯಾಟರಿ ಚೆನ್ನಾಗಿದ್ದು ಹಲ್ಲು ಮಾತ್ರ ಹಿಡಿಯದಿದ್ದರೆ, ಗೇರಿನ ಕಾರು ಎರಡನೇ ಗೇರಿನಲ್ಲಿ ತಳ್ಳಿದರೆ ಸುಲಭವಾಗಿ ಏಳುತ್ತದೆ. ಆಟೋಮ್ಯಾಟಿಕ್ ಏಳುವುದಿಲ್ಲ. ಬ್ಯಾಟರಿ ಪೂರ್ತಿ ಸತ್ತ ಇಂದಿನ ಕಾರುಗಳೂ ಹೆಚ್ಚಾಗಿ ಏಳುವುದಿಲ್ಲ, ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕು. ಕೀಲಿ ಆನ್ ಇರಲೇಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗಬಹುದು. ಎಂಜಿನ್ ಓಡದಿರುವಾಗ ಬ್ರೇಕೂ ಸ್ಟೇರಿಂಗೂ ಬಹಳ ಗಟ್ಟಿ. ಗೇಟಿನಿಂದ ಇಳಿಜಾರಿನಲ್ಲಿ ಸೀದಾ ಹೈವೇಗೆ ಬಿಡುವುದಂತೂ ಬೇಡವೇ ಬೇಡ.

ಅಮ್ಮ, ಸೊಸೆಗೆ ಹೇಳಿ: ಆಸ್ಪತ್ರೆಯ ದಿನದ ಮೊದಲೇ ಸೆಲ್ಫ್ ಬಿಚ್ಚಿಸಲಿ, ಹಿಂದಿನ ಸಂಜೆಗೆ ಇಡಬೇಡಿ. ಬೆಂಡಿಕ್ಸ್ ಆ ದಿನ ಅಂಗಡಿಯಲ್ಲಿ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವಾಗ "ಕಾರು ಸ್ಟಾರ್ಟ್ ಆಗುತ್ತಿಲ್ಲ" ಎನ್ನದೆ "ಸೆಲ್ಫ್ ತಿರುಗುತ್ತದೆ, ಎಂಜಿನ್ ತಿರುಗುವುದಿಲ್ಲ" ಎಂದೇ ಹೇಳಲಿ. ಕಾರಿನ ಮಾಡೆಲ್ಲೂ ವರ್ಷವೂ ಹೇಳಿದರೆ ಆತ ಸರಿಯಾದ ಬೆಂಡಿಕ್ಸ್ ಕೈಯಲ್ಲಿ ಹಿಡಿದುಕೊಂಡೇ ಬರುತ್ತಾನೆ.