ಓದೋಕೆ ಬಂದ ಹುಡುಗಿ, ನಮ್ಮ ಮನೆ

ಡಿಗ್ರಿ ರಿಸಲ್ಟ್ ಬಂದು ಸ್ನಾತಕೋತ್ತರ ಸೀಟು ಹಂಚೋ ಹೊತ್ತಿಗೆ ಬೆಂಗಳೂರಿನಲ್ಲಿರುವ ನಮ್ಮಂಥವರಿಗೆ ಊರಿಂದ ಒಂದು ಫೋನ್ ಬರುತ್ತೆ. ‘ಮಗಳಿಗೆ ಅಲ್ಲೇ ಎಂಎಸ್ಸಿ ಸಿಕ್ತು ಕಣೇ. ನೀನಿದೀಯಲ್ಲ, ನಮಗೇನು ಚಿಂತೆ?’ ನೀವೂ ಹಿಂದೆಮುಂದೆ ನೋಡದೆ ‘ನಮ್ಮನೆ ಇಲ್ವಾ, ಕಳಿಸು’ ಅಂದುಬಿಡ್ತೀರಿ. ನಾನೂ ಅಂದಿದ್ದೆ.

ಕಳೆದ ವರ್ಷ ಅಕ್ಕನ ಮಗಳು ಸಾಗರದಿಂದ ರಾತ್ರಿ ರೈಲಿನಲ್ಲಿ ಬಂದಿಳಿದಳು. ಒಂದು ಸೂಟ್‌ಕೇಸು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ. ನಮ್ಮ ಮನೆ ಯಲಹಂಕದಲ್ಲಿ, ಅವಳ ಕ್ಲಾಸು ಮೈಸೂರು ರಸ್ತೆಯ ಜ್ಞಾನಭಾರತಿಯಲ್ಲಿ. ಊರಿನವರಿಗೆ ಎರಡೂ ಬೆಂಗಳೂರೇ! ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೊ, ಇಳಿದ ಮೇಲೆ ಆ ದೊಡ್ಡ ಕ್ಯಾಂಪಸ್ಸಿನೊಳಗೆ ಮತ್ತೆ ನಡಿಗೆ. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯ್ತು, ನಿಜ. ಹೊತ್ತು ಪುಕ್ಕಟೆ ಸಿಗುತ್ತಾ?

ಸಂಜೆ ಏಳೂವರೆಗೆ ಸುಸ್ತಾಗಿ ಬಂದವಳಿಗೆ ನಾನು ಕಾಫಿ ಕೊಡ್ತಿದ್ದೆ. ಹಿಂದೆಯೇ, ‘ಪುಟ್ಟಿ, ಎರಡು ಚಪಾತಿ ಲಟ್ಟಿಸ್ತೀಯಾ?’ ಆಮೇಲೆ ನನ್ನ ಮಗನ ಹೋಂವರ್ಕ್. ಶನಿವಾರ ಯಾರದೋ ಮದುವೆಗೆ ಹೋಗಬೇಕಾದ್ರೆ ಮಗನನ್ನ ಅವಳ ಹತ್ತಿರ ಬಿಟ್ಟು ಹೋಗ್ತಿದ್ದೆ. ಅವಳು ಒಂದು ದಿನಕ್ಕೂ ‘ಆಗಲ್ಲ’ ಅನ್ನಲಿಲ್ಲ. ಅನ್ನೋದು ಹೇಗೆ ಹೇಳಿ? ನಮ್ಮ ಅನ್ನ ತಿನ್ನುತ್ತಿದ್ದ ಹುಡುಗಿ.

ಒಂದು ರಾತ್ರಿ ಹನ್ನೊಂದು ದಾಟಿತ್ತು. ಹಾಲ್‌ನಲ್ಲಿ ಟಿ.ವಿ. ಇತ್ತು, ಅವಳ ಹಾಸಿಗೆಯೂ ಅಲ್ಲೇ. ನೀರು ಕುಡಿಯೋಕೆ ಅಡುಗೆಮನೆಗೆ ಹೋದರೆ, ಗ್ಯಾಸ್ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು ನಿಂತೇ ಓದ್ತಿದ್ದಾಳೆ. ಮೊದಲ ಟೆಸ್ಟಿನಲ್ಲಿ ಮಾರ್ಕ್ಸ್ ತೀರಾ ಕಡಿಮೆ ಬಂದಿದ್ದು ಅವತ್ತೇ ಗೊತ್ತಾಗಿದ್ದು. ‘ಚಿಕ್ಕಿ, ನಾನು ಹಾಸ್ಟೆಲ್‌ಗೆ ಹೋಗ್ಲಾ? ನಿಂಗೆ ಬೇಜಾರಾಗುತ್ತೆ ಅಂತ ಕೇಳಿರಲಿಲ್ಲ’ ಅಂದಳು.

ಸುಳ್ಳು ಹೇಳಲ್ಲ, ನನಗೆ ಮೊದಲು ಸಿಟ್ಟೇ ಬಂತು. ನಾವೇನು ಕಮ್ಮಿ ಮಾಡಿದ್ವಿ ಇವಳಿಗೆ? ‘ಅವಳು ಓದೋಕೆ ಬಂದಿದ್ದಾ, ನಿನ್ನ ಕೈಯಾಸರೆಗೆ ಬಂದಿದ್ದಾ?’ ಅಂತ ಯಜಮಾನರು ಕೇಳಿದಾಗ ಬಾಯಿ ಕಟ್ಟಿತು.

ಅದಕ್ಕೇ ಹೇಳೋದು, ಹತ್ತು ಹದಿನೈದು ದಿನ ಮನೆಯಲ್ಲಿಟ್ಟುಕೊಳ್ಳಿ. ಬಸ್ ರೂಟು ತೋರಿಸಿ, ಒಂದೆರಡು ಸಲ ಜೊತೆಗೆ ಹೋಗಿ. ಆಮೇಲೆ ಕಾಲೇಜಿನ ಹತ್ತಿರವೇ ಇರೋಕೆ ಬಿಡಿ. ಹಾಸ್ಟೆಲ್ ಅರ್ಜಿಯನ್ನ ಅಡ್ಮಿಶನ್ ಸಮಯದಲ್ಲೇ ಹಾಕಿಸಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಬೇರೆ ಇರುತ್ತೆ. ಸಿಗದಿದ್ರೆ ಪೇಯಿಂಗ್ ಗೆಸ್ಟ್. (ಪಿಜಿ ಓದೋಕೆ ಪಿಜಿಯಲ್ಲಿರೋದು ಅಂತ ನಮ್ಮ ಭಾವ ಈಗಲೂ ನಗ್ತಾರೆ.) ಪಿಜಿ ನೋಡೋಕೆ ಬೆಳಿಗ್ಗೆ ಹೋಗಬೇಡಿ, ಕತ್ತಲಾದ ಮೇಲೆ ಹೋಗಿ. ಬಸ್‌ಸ್ಟಾಪಿನಿಂದ ಗೇಟಿನವರೆಗೆ ದೀಪ ಇದೆಯಾ ಅಂತ ಆಗಲೇ ತಿಳಿಯೋದು. ಅಲ್ಲಿರೋ ಹುಡುಗಿಯರನ್ನೇ ನೀರು, ಊಟದ ಬಗ್ಗೆ ವಿಚಾರಿಸಿ. ಅಡ್ವಾನ್ಸ್ ಎಷ್ಟು ವಾಪಸ್, ಬಿಡೋಕೆ ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದನ್ನ ಬರೆಸಿಕೊಳ್ಳಿ.

ಮೊದಲ ತಿಂಗಳು ಅಳು ಬರುತ್ತೆ, ಬರಲಿ. ಆದ್ರೆ ಊಟ ಬಿಟ್ಟು, ನಿದ್ದೆ ಬಿಟ್ಟು, ಕ್ಲಾಸಿಗೂ ಹೋಗದೆ ಕೂತರೆ ‘ಹೊಂದ್ಕೊಳ್ತಾಳೆ ಬಿಡಿ’ ಅನ್ನಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತುರ್ತಿಗೆ 112. ಎರಡನ್ನೂ ಅವಳ ಮೊಬೈಲಿಗೆ ಹಾಕಿಕೊಡಿ.

ಕಷ್ಟದ ಕೆಲಸ ಇನ್ನೊಂದಿದೆ, ಅಕ್ಕನನ್ನ ಒಪ್ಪಿಸೋದು. ‘ಚಿಕ್ಕಮ್ಮನ ಮನೆ ಇದ್ದೂ ಹಾಸ್ಟೆಲ್ಲಾ? ಜನ ಏನಂತಾರೆ?’ ಈ ಮಾತಿಗೆ ಉತ್ತರ ಕೊಡೋದು ಆ ಹುಡುಗಿಯ ಕೈಲಾಗಲ್ಲ. ನೀವೇ ಫೋನ್ ಮಾಡಿ, ‘ನಾನೇ ಕಳಿಸ್ತಿದೀನಿ, ಅವಳದ್ದೇನೂ ತಪ್ಪಿಲ್ಲ’ ಅನ್ನಿ. ನನ್ನ ಅಕ್ಕ ಮೂರು ವಾರ ಮಾತು ಬಿಟ್ಟಿದ್ದಳು.

ಈಗ ತಿಂಗಳಿಗೆರಡು ಭಾನುವಾರ ಹುಡುಗಿ ನಮ್ಮನೆಗೆ ಬರ್ತಾಳೆ. ಬಂದು ಮಧ್ಯಾಹ್ನದವರೆಗೂ ಮಲಗ್ತಾಳೆ, ನಾನು ಎಬ್ಬಿಸಲ್ಲ. ಹೋಗುವಾಗ ಚಟ್ನಿಪುಡಿ ಡಬ್ಬಿ ಕೊಡ್ತೀನಿ. ಖಾಲಿ ಡಬ್ಬಿ ವಾಪಸ್ ತರಲ್ಲ ಅನ್ನೋದೊಂದೇ ಈಗ ನಮ್ಮಿಬ್ಬರ ಜಗಳ.