ಒಂದು ತಾಸಿನ ವಿಮಾನ, ಒಂಬತ್ತು ತಾಸಿನ ಪಯಣ

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಕೇಳಿ ನೋಡಿ. ಒಂದು ತಾಸು, ಒಂದೂಕಾಲು ತಾಸು ಎನ್ನುತ್ತದೆ. ಲೆಕ್ಕ ಸುಳ್ಳಲ್ಲ. ರಸ್ತೆಯಲ್ಲಿ 600 ಕಿ.ಮೀ. ಆಸುಪಾಸು ಇರುವ ದೂರ ಆಕಾಶದಲ್ಲಿ ಸುಮಾರು 460 ಕಿ.ಮೀ. ಮಾತ್ರ. ಆದರೆ ಅದು ವಿಮಾನದ ಲೆಕ್ಕ, ನಮ್ಮ ಲೆಕ್ಕ ಅಲ್ಲ.

ನಮ್ಮೂರ ಕಡೆಯ ಒಬ್ಬರು ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಸಾಲ ಮಾಡಿ ಟಿಕೆಟ್ ತೆಗೆದರು. 'ಒಂದೇ ತಾಸು, ಮಧ್ಯಾಹ್ನ ತೋರಿಸಿ ರಾತ್ರಿ ರೈಲಿಗೆ ವಾಪಸ್' ಎಂಬುದು ಅವರ ಯೋಜನೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊರರೋಗಿ ವಿಭಾಗ ಮುಚ್ಚಿತ್ತು. ಲಾಡ್ಜ್ ಖರ್ಚು ಬೇರೆ ಬಿತ್ತು.

ಹೊತ್ತು ಎಲ್ಲಿ ಹೋಯಿತು? ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಲೆಕ್ಕ ಹಾಕೋಣ. ಬಸ್ಸು ಕಾದು ಕಲಬುರಗಿ ಸೇರಲು ಮೂರು ತಾಸು. ಅಲ್ಲಿಂದ ಊರ ಹೊರಗಿನ ವಿಮಾನ ನಿಲ್ದಾಣಕ್ಕೆ ಆಟೋದಲ್ಲಿ ಅರ್ಧ ತಾಸು. ಎರಡು ತಾಸು ಮೊದಲೇ ಬನ್ನಿ ಎನ್ನುತ್ತಾರೆ. ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮುಂಚೆ ಮುಚ್ಚುವುದರಿಂದ ತಡವಾದರೆ ಟಿಕೆಟ್ ಹಣವೂ ಹೋದಂತೆ. ಹಾರಾಟ ಒಂದು ತಾಸು. ಇಳಿದು ಬ್ಯಾಗು ಪಡೆಯಲು ಅರ್ಧ ತಾಸು. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ನಗರದಿಂದ 35 ಕಿ.ಮೀ. ಆಚೆ. ಟ್ರಾಫಿಕ್ಕಿನಲ್ಲಿ ಒಂದೂವರೆಯಿಂದ ಎರಡು ತಾಸು. ಒಟ್ಟು ಸುಮಾರು ಒಂಬತ್ತು ತಾಸು!

ವಿಮಾನ ಬೇಡ ಎಂದು ನಾನು ಹೇಳುತ್ತಿಲ್ಲ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗದ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ಏಕೆ ಹಾರಿಸುತ್ತದೆ? ಅಂಥದ್ದನ್ನು ನಂಬಿ ಹಳ್ಳಿಯವರು ಆಸ್ಪತ್ರೆ, ಪರೀಕ್ಷೆಯ ದಿನ ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲ.

ರೈಲಿನದೂ ಇದೇ ಕಥೆ. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ಸುಮಾರು ಒಂಬತ್ತು ತಾಸಿನಲ್ಲಿ ಬೆಂಗಳೂರು ಮುಟ್ಟಿಸುತ್ತದೆ. ಆದರೆ ಅದು ಹೊರಡುವುದು ನಸುಕಿನಲ್ಲಿ. ನಮ್ಮ ಹಳ್ಳಿಗಳಿಂದ ಅಷ್ಟೊತ್ತಿಗೆ ಯಾವ ಬಸ್ಸಿದೆ? ಹಿಂದಿನ ರಾತ್ರಿಯೇ ಬಂದು ಸ್ಟೇಷನ್ನಿನಲ್ಲಿ ಮಲಗಬೇಕು. ರಾತ್ರಿ ರೈಲು ನಿಧಾನವಾದರೂ ನಿದ್ದೆಯಲ್ಲೇ ದಾರಿ ಸಾಗುತ್ತದೆ, ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬಹುದು. ಅದರಲ್ಲಿ ಸೀಟು ಸಿಗುವುದೇ ಕಷ್ಟ.

ಆದ್ದರಿಂದ ನಾವು ಕೇಳಬೇಕಾದ್ದು ಮೂರು. ರಾತ್ರಿ ರೈಲುಗಳಿಗೆ ಹೆಚ್ಚು ಸ್ಲೀಪರ್ ಬೋಗಿ. ರೈಲು, ವಿಮಾನದ ಹೊತ್ತಿಗೆ ಹೊಂದುವ ತಾಲ್ಲೂಕು ಬಸ್ಸು. ಮೂರನೆಯದೇ ಮುಖ್ಯ: ಬೆಂಗಳೂರಿಗೆ ಹೋಗುವ ಕೆಲಸವೇ ಕಡಿಮೆಯಾಗಬೇಕು. 2008ರಲ್ಲಿ ಹೈಕೋರ್ಟ್ ಪೀಠ ಕಲಬುರಗಿಗೆ ಬಂತು. ಅಲ್ಲಿಯವರೆಗೆ ಹೊಲದ ವ್ಯಾಜ್ಯಕ್ಕೂ ಬೆಂಗಳೂರಿಗೆ ಓಡಬೇಕಿತ್ತು. ಜಯದೇವ ಹೃದ್ರೋಗ ಸಂಸ್ಥೆಯೂ ಈಗ ಇಲ್ಲೇ ಇದೆ. ಯಾವ ವಿಮಾನವೂ ಇಷ್ಟು ದೂರ ಕಡಿಮೆ ಮಾಡಿಲ್ಲ.

ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ 'ಬೆಂಗಳೂರು ಈಗ ಒಂದೇ ತಾಸು' ಎಂದರೆ, ಯಾರ ಮನೆಯಿಂದ ಎಂದು ಕೇಳಿ.